ಪೆಟ್ರೋಲ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗದ ಕಾರು

ಬಂಕಿಗೆ ಹೋಗುತ್ತೀರಿ. ಟ್ಯಾಂಕ್ ಫುಲ್ ಮಾಡಿಸುತ್ತೀರಿ. ದುಡ್ಡು ಕೊಟ್ಟು ಬಂದು ಕೂತು ಕೀ ತಿರುಗಿಸುತ್ತೀರಿ. ಸೆಲ್ಫ್ ಜೋರಾಗಿಯೇ ಹೊಡೆಯುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಹಿಂದಿನ ಗಾಡಿಯವರು ಹಾರ್ನ್ ಮಾಡುತ್ತಾರೆ. ಐದಾರು ಸಲ ಹೊಡೆದ ಮೇಲೆ ಗೊರಗೊರ ಅಂದು, ಒಂದಿಷ್ಟು ಕಪ್ಪು ಹೊಗೆ ಬಿಟ್ಟು, ಹೇಗೋ ಸ್ಟಾರ್ಟ್ ಆಗುತ್ತದೆ. ಮರುದಿನ ಬೆಳಗ್ಗೆ ಮನೆ ಮುಂದೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಇಲ್ಲಿ ಎಷ್ಟು ಜನಕ್ಕೆ ಹೀಗಾಗಿದೆ, ಕೈ ಎತ್ತಿ ನೋಡೋಣ. ಹಿಂದಿನ ಸಾಲಿನಲ್ಲೂ ಕೈಗಳು ಕಾಣುತ್ತಿವೆ.

ಹೋದ ವರ್ಷ ನಮ್ಮ ಶೆಡ್ಡಿಗೆ ಒಬ್ಬರು ಟೀಚರ್ ತಮ್ಮ ಕಾರು ತಂದರು. ಆರು ವರ್ಷದ ಪೆಟ್ರೋಲ್ ಗಾಡಿ. ಅಷ್ಟರಲ್ಲಿ ಬೇರೆ ಕಡೆ ಬ್ಯಾಟರಿ ಬದಲಾಗಿತ್ತು, ಪ್ಲಗ್ ಬದಲಾಗಿತ್ತು, ಕೊನೆಗೆ ಪೆಟ್ರೋಲ್ ಪಂಪನ್ನೂ ಬದಲಾಯಿಸಿದ್ದರು. ತೊಂದರೆ ಹಾಗೇ ಇತ್ತು. ಅವರು ನನಗೆ ಹೇಳಿದ್ದು ಇಷ್ಟೇ: "ಅಣ್ಣಾ, ಮನೆ ಹತ್ರ, ಸ್ಕೂಲ್ ಹತ್ರ ಯಾವತ್ತೂ ಕೈ ಕೊಟ್ಟಿಲ್ಲ. ಬಂಕಲ್ಲಿ ಮಾತ್ರ ಮಾನ ತೆಗೆಯುತ್ತೆ." ಇದನ್ನೇ ಹಿಂದೆ ಹೋದ ಕಡೆಯೂ ಹೇಳಿದ್ದರಂತೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹುಡುಗರೇ, ಸ್ವಲ್ಪ ಯೋಚನೆ ಮಾಡಿ. ಪಂಪು ಕೆಟ್ಟಿದ್ದರೆ ಅದಕ್ಕೆ ಬಂಕು ಯಾವುದು, ಮನೆ ಯಾವುದು ಅಂತ ಗೊತ್ತಾಗುತ್ತದಾ? ಪೆಟ್ರೋಲ್ ತುಂಬಿಸಿದ ಕೂಡಲೇ ಕಾಣಿಸಿಕೊಂಡು ಆಮೇಲೆ ಮಾಯವಾಗುವ ತೊಂದರೆ ಅಂದರೆ ಮೊದಲು ನೋಡಬೇಕಾದ್ದು ಪರ್ಜ್ ವಾಲ್ವ್, ಅಂದರೆ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್ನಿಗೆ ಬಿಡುವ ಸಣ್ಣ ಬಾಗಿಲು. ಗಿರಾಕಿ ಬಾಯಲ್ಲಿ "ಯಾವಾಗ" ಅನ್ನುವುದು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದ ಅರ್ಧ ಪರೀಕ್ಷೆ ಮಾಡಿ ನೋಡುವುದು. ಇವತ್ತು ಆ ಉಳಿದ ಅರ್ಧದ ಬಗ್ಗೆ ಮಾತಾಡುತ್ತೇನೆ.

ಈ ವಾಲ್ವ್ ಯಾಕಾದರೂ ಇದೆ ಅಂತ ಮೊದಲು ನೋಡೋಣ. ಪೆಟ್ರೋಲನ್ನು ಸುಮ್ನೆ ಇಟ್ಟರೂ ಆವಿಯಾಗುತ್ತದೆ. ಕಲಬುರಗಿ, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ನಿಲ್ಲಿಸಿದ ಕಾರಿನ ಟ್ಯಾಂಕಿನೊಳಗೆ ಎಷ್ಟು ಆವಿ ಏಳುತ್ತದೆ ಅಂತ ಊಹಿಸಿಕೊಳ್ಳಿ. ಹಿಂದೆಲ್ಲ ಅದನ್ನು ಗಾಳಿಗೆ ಬಿಟ್ಟುಬಿಡುತ್ತಿದ್ದರು. ಲಾಸ್ ಏಂಜಲೀಸ್ ಊರಿನ ಮೇಲೆ ಕಣ್ಣುರಿಸುವ ಮಂಜು ಕವಿಯುತ್ತಿತ್ತಲ್ಲ, ಅದಕ್ಕೆ ಪೆಟ್ರೋಲ್ ಆವಿಯೂ ಗಾಡಿಗಳ ಹೊಗೆಯೂ ಬಿಸಿಲಿನಲ್ಲಿ ಸೇರುವುದೇ ಕಾರಣ ಅಂತ 1950ರ ದಶಕದ ಶುರುವಿನಲ್ಲಿ ಹಾಗೆನ್-ಸ್ಮಿತ್ ಅನ್ನುವ ವಿಜ್ಞಾನಿ ತೋರಿಸಿಕೊಟ್ಟರು. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಯಿಂದ, ಇಡೀ ಅಮೆರಿಕದಲ್ಲಿ 1971ರ ಮಾದರಿಯಿಂದ ಟ್ಯಾಂಕಿನ ಆವಿಯನ್ನು ಹಿಡಿದಿಡುವ ವ್ಯವಸ್ಥೆ ಕಡ್ಡಾಯವಾಯಿತು. ಇವತ್ತು ನಮ್ಮ ರಸ್ತೆಯ ಪೆಟ್ರೋಲ್ ಕಾರುಗಳಲ್ಲಿ ಅದು ಇದೆ. ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಹಾಗಾಗಿ ಡೀಸೆಲ್ ಗಾಡಿಗೆ ಇದರ ಗೊಡವೆಯೇ ಇಲ್ಲ.

ಹಿಡಿದಿಡುವುದು ಯಾವುದು ಗೊತ್ತಾ? ಇದ್ದಲು. ಕ್ಯಾನಿಸ್ಟರ್ ಅಂತ ಕರೆಯುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾಳು ಕಾಳಾದ ಇದ್ದಲು ತುಂಬಿರುತ್ತದೆ. ಒಲೆಯ ಇದ್ದಲಲ್ಲ, ವಿಶೇಷವಾಗಿ ಹದ ಮಾಡಿದ್ದು. ಅದರ ಒಂದೊಂದು ಕಾಳಿನಲ್ಲೂ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ತೂತುಗಳು. ಆ ತೂತುಗಳ ಒಳಗೋಡೆಯನ್ನೆಲ್ಲ ಬಿಚ್ಚಿ ಹಾಸಿದರೆ ಒಂದೇ ಗ್ರಾಂ ಇದ್ದಲು ಸಾವಿರ ಚದರ ಮೀಟರಿಗೂ ಜಾಸ್ತಿ ಆಗುತ್ತದೆ. ಮೂರೂವರೆ ಟೆನಿಸ್ ಅಂಕಣಕ್ಕಿಂತ ದೊಡ್ಡದು! ನಿಮ್ಮ ಮನೆಯ ನೀರಿನ ಫಿಲ್ಟರಿನಲ್ಲಿ ಹೆಚ್ಚಾಗಿ ತೆಂಗಿನ ಚಿಪ್ಪಿನಿಂದ ಮಾಡಿದ ಇದ್ದಲು ಇರುತ್ತದೆ. ಕಾರಿನದು ಸಾಮಾನ್ಯವಾಗಿ ಮರದಿಂದ ಮಾಡಿದ್ದು, ಅದರ ತೂತು ಸ್ವಲ್ಪ ದೊಡ್ಡದು. ಯಾಕೆಂದರೆ ಇಲ್ಲಿ ಇದ್ದಲು ಆವಿಯನ್ನು ಹಿಡಿದರೆ ಸಾಲದು, ಕೇಳಿದಾಗ ವಾಪಸ್ ಬಿಡಲೂ ಬೇಕು.

ಆ ಕೇಳುವ ಕೆಲಸವೇ ಪರ್ಜ್ ವಾಲ್ವಿನದು. ಇಂಜಿನ್ ಓಡುವಾಗ ಇಂಟೇಕ್ ಮ್ಯಾನಿಫೋಲ್ಡಿನಲ್ಲಿ, ಅಂದರೆ ಇಂಜಿನ್ನಿಗೆ ಗಾಳಿ ಹಂಚುವ ಕೊಳವೆಯಲ್ಲಿ, ಗಾಳಿಯ ಎಳೆತ ಇರುತ್ತದೆ, ನಾವು ವ್ಯಾಕ್ಯೂಮ್ ಅನ್ನುತ್ತೇವೆ. ಮ್ಯಾನಿಫೋಲ್ಡ್ ಮತ್ತು ಕ್ಯಾನಿಸ್ಟರ್ ನಡುವೆ ಒಂದು ಪೈಪು. ಆ ಪೈಪಿನ ಮಧ್ಯದ ಬಾಗಿಲು ಈ ವಾಲ್ವ್. ಕರೆಂಟ್ ಇಲ್ಲದಾಗ ಸ್ಪ್ರಿಂಗ್ ಅದನ್ನು ಮುಚ್ಚಿಯೇ ಇಟ್ಟಿರುತ್ತದೆ. ಇಂಜಿನ್ ಬಿಸಿಯಾದ ಮೇಲೆ, ಕಂಪ್ಯೂಟರಿಗೆ ಸರಿ ಅನ್ನಿಸಿದಾಗ, ಸೆಕೆಂಡಿಗೆ ಹಲವು ಸಲ ತೆರೆದು ಮುಚ್ಚುತ್ತದೆ. ಆಗ ಇದ್ದಲಿನ ಮೂಲಕ ಹೊರಗಿನ ಗಾಳಿ ಹಾದು, ಆವಿಯನ್ನು ಹೊತ್ತುಕೊಂಡು ಇಂಜಿನ್ನಿಗೆ ಹೋಗಿ ಉರಿಯುತ್ತದೆ. ನಿಮ್ಮ ದುಡ್ಡಿನ ಪೆಟ್ರೋಲು, ನಿಮ್ಮ ಗಾಡಿಯೇ ಓಡಿಸಿಕೊಳ್ಳುತ್ತದೆ. ನನಗೆ ಈ ವ್ಯವಸ್ಥೆ ಬಹಳ ಇಷ್ಟ. ಇಷ್ಟು ಸರಳವಾಗಿ ಇಷ್ಟು ಒಳ್ಳೆಯ ಕೆಲಸ ಮಾಡುವ ಭಾಗ ಕಾರಿನಲ್ಲಿ ಕಡಿಮೆ.

ಈಗ ಈ ಬಾಗಿಲು ಪೂರ್ತಿ ಮುಚ್ಚದೆ ಅರೆಬರೆ ತೆರೆದೇ ಉಳಿಯಿತು ಅಂತಿಟ್ಟುಕೊಳ್ಳಿ. ಟ್ಯಾಂಕಿಗೆ 30 ಲೀಟರ್ ಪೆಟ್ರೋಲ್ ಸುರಿದಾಗ ಒಳಗಿದ್ದ ಆವಿ ಎಲ್ಲಿಗೆ ಹೋಗಬೇಕು? ಕುಲುಕಿದ ಪೆಟ್ರೋಲಿನಿಂದ ಹೊಸ ಆವಿಯೂ ಏಳುತ್ತಿರುತ್ತದೆ. ಅದರಲ್ಲಿ ಒಂದಷ್ಟು ಕ್ಯಾನಿಸ್ಟರ್ ದಾಟಿ, ತೆರೆದ ವಾಲ್ವಿನಿಂದ ನಿಂತಿರುವ ಇಂಜಿನ್ನಿನ ಮ್ಯಾನಿಫೋಲ್ಡಿಗೆ ನುಗ್ಗಿ ಕೂರುತ್ತದೆ. ಈಗ ಸೆಲ್ಫ್ ಹೊಡೆದರೆ ಇಂಜೆಕ್ಟರ್ ಬೇರೆ ಪೆಟ್ರೋಲ್ ಹಾಕುತ್ತದೆ. ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಅತಿಯಾಗುತ್ತದೆ, ಹಾಗಾಗಿ ಉರಿಯುವುದೇ ಇಲ್ಲ. ಬಂಕಿನಲ್ಲಿ ಸಿಕ್ಕಿಹಾಕಿಕೊಂಡರೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಬಹಳಷ್ಟು ಕಾರುಗಳಲ್ಲಿ ಹೀಗೆ ಮಾಡಿದರೆ ಕಂಪ್ಯೂಟರ್ ಇಂಜೆಕ್ಟರನ್ನು ನಿಲ್ಲಿಸುತ್ತದೆ, ಬರೀ ಗಾಳಿ ಹೋಗಿ ಒಳಗೆ ತುಂಬಿದ್ದು ಖಾಲಿಯಾಗುತ್ತದೆ. ಹಿಡಿದ ತಕ್ಷಣ ಕಾಲು ತೆಗೆಯಿರಿ.

ಇನ್ನೊಂದು ಗುರುತು, ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ನಡುಗುವುದು. ಹೈವೇಯಲ್ಲಿ ಏನೂ ಗೊತ್ತಾಗುವುದಿಲ್ಲ. ಗಾಡಿ ನಿಂತು ಇಂಜಿನ್ ಮಾತ್ರ ಸ್ಲೋ ಓಡುವಾಗಲೇ ಎಳೆತ ಅತಿ ಜಾಸ್ತಿ, ಇಂಜಿನ್ ಕುಡಿಯುವ ಗಾಳಿ ಅತಿ ಕಡಿಮೆ. ಕಡಿಮೆ ಊಟ ಮಾಡುವವನಿಗೆ ಒಂದು ಚಿಟಿಕೆ ಉಪ್ಪು ಹೆಚ್ಚಾದರೂ ಗೊತ್ತಾಗುತ್ತದಲ್ವಾ, ಹಾಗೆ. ಕೆಲವು ಸಲ ಬಾನೆಟ್ ಕಡೆಯಿಂದ ಸಣ್ಣ ಶಿಳ್ಳೆ, ಕೆಲವು ಸಲ ಆರ್‌ಪಿಎಂ ಏರಿಳಿತ. ಕ್ಯಾನಿಸ್ಟರ್ ತುಂಬಿದ್ದಾಗ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿಯಾಗುತ್ತದೆ. ಖಾಲಿಯಾಗಿದ್ದಾಗ ಬರೀ ಗಾಳಿ ಬಂದು, ಒಳಹೋಗುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಒಂದೇ ವಾಲ್ವಿನಿಂದ ಸ್ಕ್ಯಾನರಿನಲ್ಲಿ ಒಂದು ವಾರ ಪಿ0172 (ಪೆಟ್ರೋಲ್ ಜಾಸ್ತಿ), ಇನ್ನೊಂದು ವಾರ ಪಿ0171 (ಪೆಟ್ರೋಲ್ ಕಡಿಮೆ) ಅನ್ನುವ ದೋಷದ ಕೋಡ್ ಬರಬಹುದು. ಆ ಕೋಡ್ ನೋಡಿ ಆಕ್ಸಿಜನ್ ಸೆನ್ಸರ್ ಬದಲಾಯಿಸಿದವರನ್ನು ನಾನು ನೋಡಿದ್ದೇನೆ. ಒಂದು ಕಾಲದಲ್ಲಿ ನಾನೇ ಹಾಗೆ ಮಾಡಿದ್ದೇನೆ. ಆ ದುಡ್ಡು ಗಿರಾಕಿಯದು ಅನ್ನುವುದು ಇವತ್ತಿಗೂ ನನಗೆ ಚುಚ್ಚುತ್ತದೆ.

ಮುಚ್ಚಿಯೇ ಸಿಕ್ಕಿಕೊಂಡ ವಾಲ್ವ್ ಅಷ್ಟು ಗಲಾಟೆ ಮಾಡುವುದಿಲ್ಲ. ಇದ್ದಲು ಖಾಲಿಯಾಗದೆ ತುಂಬಿಕೊಂಡು, ಬಿಸಿಲಿನಲ್ಲಿ ಪೆಟ್ರೋಲ್ ವಾಸನೆ ಬರುತ್ತದೆ, ಅಷ್ಟೇ.

ಸರಿ, ವಾಲ್ವನ್ನು ಹುಡುಕುವುದು ಎಲ್ಲಿ? ಬಾನೆಟ್ ಎತ್ತಿ. ಕಪ್ಪು ಪ್ಲಾಸ್ಟಿಕ್ಕಿನದು, ಬೆಂಕಿಪೆಟ್ಟಿಗೆಯಷ್ಟೋ ಸ್ವಲ್ಪ ದೊಡ್ಡದೋ ಇರುತ್ತದೆ. ಎರಡು ಮೂತಿ, ಒಂದೊಂದಕ್ಕೆ ಒಂದೊಂದು ಪೈಪು. ಎರಡು ಪಿನ್ನಿನ ಕನೆಕ್ಟರ್. ಹೆಚ್ಚಾಗಿ ಇಂಟೇಕ್ ಮ್ಯಾನಿಫೋಲ್ಡಿನ ಮೇಲೇ ಕೂತಿರುತ್ತದೆ, ಇಲ್ಲವೇ ಇಂಜಿನ್ನಿಗೆ ಹೋಗುವ ಗಾಳಿಯ ಬಾಗಿಲಾದ ಥ್ರಾಟಲ್ ಬಾಡಿಯ ಪಕ್ಕ, ಇಲ್ಲವೇ ಹಿಂದಿನ ಗೋಡೆಗೆ ಬ್ರಾಕೆಟ್ ಹಾಕಿ ಕೂರಿಸಿರುತ್ತಾರೆ. ಚಿತ್ರ ನೋಡಿ ಹುಡುಕಬೇಡಿ, ಪೈಪು ಹಿಡಿದು ಹೋಗಿ. ಥ್ರಾಟಲ್ ಬಾಡಿ ದಾಟಿದ ಮೇಲೆ ಮ್ಯಾನಿಫೋಲ್ಡಿಗೆ ಸೇರುವ ಪೈಪುಗಳು ನಾಲ್ಕೈದು ಇರುತ್ತವೆ. ದಪ್ಪಗಿರುವುದು ಬ್ರೇಕ್ ಬೂಸ್ಟರಿಗೆ ಹೋಗುತ್ತದೆ. ಒಂದು ಇಂಜಿನ್ ಮೇಲಿನ ಟ್ಯಾಪೆಟ್ ಕವರಿನಿಂದ ಬರುತ್ತದೆ, ಅದು ಪಿಸಿವಿ, ಇಂಜಿನ್ ಒಳಗಿನ ಹೊಗೆಯನ್ನು ಎಳೆದುಕೊಳ್ಳುವ ಪೈಪು. ಉಳಿದ ಬೆರಳು ಗಾತ್ರದ ಪೈಪು ಎರಡು ಪಿನ್ನಿನ ವಾಲ್ವೊಂದಕ್ಕೆ ಹೋಗಿ, ಅಲ್ಲಿಂದ ಗಾಡಿಯ ಹಿಂಭಾಗದ ಕಡೆಗೆ ಹೋಗುವ ಲೈನಿಗೆ ಸೇರಿದರೆ ಅದೇ ನಿಮ್ಮ ಪರ್ಜ್ ವಾಲ್ವ್. ಹಳೆಯ ಕೆಲವು ಕಾರುಗಳಲ್ಲಿ ಕ್ಯಾನಿಸ್ಟರ್ ಕೂಡ ಬಾನೆಟ್ಟಿನೊಳಗೇ ಇರುತ್ತದೆ, ಆಗ ಇನ್ನೂ ಸುಲಭ.

ಮೂರು ಅಥವಾ ನಾಲ್ಕು ಪಿನ್ ಇದ್ದು ಪೈಪಿಗೆ ಒಂದೇ ಮೂತಿ ಇದ್ದರೆ ಅದು ಸೆನ್ಸರ್, ಬಿಡಿ. ಟರ್ಬೊ ಗಾಡಿಯಲ್ಲಿ ಮಾತ್ರ ಜಾಗ್ರತೆ. ಟರ್ಬೊ ನಿಯಂತ್ರಿಸುವ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್, ನೋಡಲು ಇದರ ಅಣ್ಣತಮ್ಮನ ಹಾಗೇ ಇರುತ್ತದೆ. ಪೈಪು ಎಲ್ಲಿಗೆ ಹೋಗುತ್ತದೆ ಅನ್ನುವುದೇ ಅಲ್ಲಿ ಸಾಕ್ಷಿ.

ಇಂಜಿನ್ ಬಿಸಿಯಾಗಿ ಸ್ಲೋ ಓಡುವಾಗ ಈ ವಾಲ್ವ್ ಟಿಕ್ ಟಿಕ್ ಅನ್ನುತ್ತದೆ. ಬೆರಳಿಟ್ಟರೆ ಬಡಿತ ಗೊತ್ತಾಗುತ್ತದೆ. ಟ್ಯಾಪೆಟ್ ಶಬ್ದ ಅಂತ ಹೆದರಿ ಬರುವವರು ಎಷ್ಟೋ ಜನ. ಅದು ಆರೋಗ್ಯದ ಶಬ್ದ. ಆದರೆ ಅದನ್ನು ಕೇಳಿ "ಟಿಕ್ ಅಂತಿದೆ, ವಾಲ್ವ್ ಸರಿಯಿದೆ" ಅಂತ ತೀರ್ಮಾನ ಮಾಡಬೇಡಿ. ವಾಲ್ವ್ ತೆರೆಯುವ ಕಾಯಿಲ್ (ತಂತಿಸುರುಳಿ) ಕೆಲಸ ಮಾಡುತ್ತಿದೆ, ಕರೆಂಟ್ ಬರುತ್ತಿದೆ ಅಂತ ಮಾತ್ರ ಅದರ ಅರ್ಥ. ಒಳಗೆ ಬಾಗಿಲು ಕೂರುವ ಸೀಟಿನ ಮೇಲೆ ಒಂದು ಇದ್ದಲಿನ ಕಾಳು ಕೂತಿದ್ದರೂ ಟಿಕ್ ಟಿಕ್ ಕೇಳಿಸುತ್ತದೆ, ಬಾಗಿಲು ಮಾತ್ರ ಮುಚ್ಚುವುದಿಲ್ಲ.

ಈಗ ಮುಖ್ಯ ಪರೀಕ್ಷೆ. ಇಂಜಿನ್ ಬಿಸಿ ಮಾಡಿ, ಸ್ಲೋನಲ್ಲಿ ಬಿಡಿ. ವಾಲ್ವಿನ ಎಲೆಕ್ಟ್ರಿಕ್ ಕನೆಕ್ಟರ್ ಕಿತ್ತುಬಿಡಿ. ಇದನ್ನು ಮರೆಯಬೇಡಿ. ಬಿಸಿ ಇಂಜಿನ್ನಿನಲ್ಲಿ ಕಂಪ್ಯೂಟರ್ ತಾನೇ ವಾಲ್ವ್ ತೆರೆಯುತ್ತಿರಬಹುದು, ಆಗ ಎಳೆತ ಸಿಕ್ಕರೆ ಅದು ದೋಷವೇ ಅಲ್ಲ. ಕನೆಕ್ಟರ್ ತೆಗೆದ ಮೇಲೆ ಸ್ಪ್ರಿಂಗ್ ಮುಚ್ಚಲೇಬೇಕು. ಆಮೇಲೆ ಕ್ಯಾನಿಸ್ಟರ್ ಕಡೆಯ ಪೈಪನ್ನು ವಾಲ್ವಿನಿಂದ ಬಿಚ್ಚಿ, ಆ ಮೂತಿಗೆ ಬೆರಳಿಡಿ. ಬೆರಳನ್ನು ಎಳೆದರೆ ವಾಲ್ವ್ ಸೋರುತ್ತಿದೆ. ಬೆರಳಿಟ್ಟ ಕೂಡಲೇ ಇಂಜಿನ್ನಿನ ನಡುಕವೂ ನಿಂತರೆ ಅನುಮಾನವೇ ಬೇಡ. ಬೆರಳಿಗೆ ಗೊತ್ತಾಗದಷ್ಟು ಸಣ್ಣ ಸೋರಿಕೆಗೆ ತೆಳ್ಳನೆಯ ಕಾಗದದ ಚೂರು ಹಿಡಿದು ನೋಡಿ, ಅಂಟಿಕೊಳ್ಳುತ್ತದೆ. ತಣ್ಣಗಿದ್ದಾಗ ಸರಿಯಾಗಿ ಮುಚ್ಚಿ, ಬಿಸಿಯಾದಾಗ ಮಾತ್ರ ಸೋರುವ ವಾಲ್ವುಗಳೂ ಇವೆ. ಅದಕ್ಕೇ ಬಿಸಿ ಇಂಜಿನ್ ಅಂದದ್ದು. ಫ್ಯಾನು, ಬೆಲ್ಟು ಹತ್ತಿರವೇ ಇರುತ್ತವೆ, ಕೈ ಜೋಪಾನ. ಹತ್ತಿರ ಬೀಡಿ ಸಿಗರೇಟು ಬೇಡವೇ ಬೇಡ. ನೀವು ಬಿಚ್ಚಿದ ಪೈಪಿನಲ್ಲಿರುವುದು ಪೆಟ್ರೋಲ್ ಆವಿ.

ಗಾಡಿಯಿಂದ ತೆಗೆದು ನೋಡಬೇಕೆಂದರೆ ಕೈಯಲ್ಲಿ ಎಳೆಯುವ ವ್ಯಾಕ್ಯೂಮ್ ಪಂಪ್ ಇದ್ದರೆ ಒಳ್ಳೆಯದು. ಇಲ್ಲದವರು ಮೆಡಿಕಲ್ ಶಾಪಿನಿಂದ 50 ಎಂಎಲ್ ಸಿರಿಂಜ್ ತನ್ನಿ. ಒಂದು ತುಂಡು ರಬ್ಬರ್ ಪೈಪಿನಿಂದ ವಾಲ್ವಿನ ಮ್ಯಾನಿಫೋಲ್ಡ್ ಕಡೆಯ ಮೂತಿಗೆ ಸೇರಿಸಿ. ಸಿರಿಂಜಿನ ಕಡ್ಡಿಯನ್ನು ಎಳೆದು, ಹತ್ತು ಸೆಕೆಂಡ್ ಹಿಡಿದು, ಬಿಡಿ. ಛಟ್ ಅಂತ ವಾಪಸ್ ಹೋದರೆ ವಾಲ್ವ್ ಗಟ್ಟಿಯಾಗಿ ಮುಚ್ಚಿದೆ. ಎಳೆದಲ್ಲೇ ನಿಂತರೆ ಒಳಗೆ ಗಾಳಿ ಹೊಕ್ಕಿದೆ, ಸೋರುತ್ತಿದೆ. ನಮ್ಮ ಶೆಡ್ಡಿನ ಹುಡುಗರು ಈಗ ಇದನ್ನೇ ಮಾಡುತ್ತಾರೆ. ಬಾಯಿಂದ ಮಾತ್ರ ಎಳೆದು ನೋಡಬೇಡಿ. ಆ ಆವಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಇದ್ದಲಿನ ಪುಡಿಯೂ ಬಾಯಿಗೆ ಬರುತ್ತದೆ.

ಕಾಯಿಲ್ ನೋಡುವುದಕ್ಕೆ ಮಲ್ಟಿಮೀಟರ್ ಸಾಕು. ಎರಡು ಪಿನ್ನಿನ ನಡುವೆ ಹೆಚ್ಚಿನ ವಾಲ್ವುಗಳಲ್ಲಿ 15ರಿಂದ 35 ಓಂ ಒಳಗೆ ಬರುತ್ತದೆ. ನಿಮ್ಮ ಗಾಡಿಯ ಸರಿಯಾದ ಅಂಕಿ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಅದನ್ನು ಮತ್ತೆ ಹಾಕಬೇಡಿ, ಕಂಪ್ಯೂಟರಿನ ಒಳಗೆ ಈ ವಾಲ್ವನ್ನು ನಡೆಸುವ ಭಾಗವೇ ಸುಟ್ಟುಹೋಗಬಹುದು. ಕಾಯಿಲ್ ಸರಿಯಿದ್ದರೆ ಇಗ್ನಿಷನ್ ಹಾಕಿ ಕನೆಕ್ಟರಿನ ಒಂದು ಪಿನ್ನಿಗೆ ಬ್ಯಾಟರಿ ವೋಲ್ಟ್ ಬರುತ್ತಿದೆಯೇ ನೋಡಿ. ಕೆಲವು ಗಾಡಿಯಲ್ಲಿ ಇಂಜಿನ್ ಓಡಿದರಷ್ಟೇ ಬರುತ್ತದೆ. ಇನ್ನೊಂದು ಪಿನ್ ಕಂಪ್ಯೂಟರಿಗೆ ಹೋಗುತ್ತದೆ, ಅರ್ತ್ ಕೊಟ್ಟು ಬಿಟ್ಟು ಮಾಡುವುದು ಅದೇ. ವಾಲ್ವಿಗೆ ನೇರ 12 ವೋಲ್ಟ್ ಕೊಟ್ಟು ನೋಡುವುದಾದರೆ ಗಾಡಿಯಿಂದ ದೂರ, ಬೆಂಚಿನ ಮೇಲೆ, ಫ್ಯೂಸ್ ಹಾಕಿದ ವೈರಿನಲ್ಲಿ. ಕಿಡಿ ಮತ್ತು ಪೆಟ್ರೋಲ್ ಆವಿ ಒಂದೇ ಕಡೆ ಇರಬಾರದು.

ಒಬ್ಬ ಹುಡುಗ ಮೊದಲೇ ಚೀಟಿ ಕಳಿಸಿದ್ದಾನೆ: "ಸಾರ್, ಸ್ಕ್ಯಾನರ್ ಹಾಕಿದರೆ ಕೋಡ್ ಬರುತ್ತಲ್ಲ, ಇಷ್ಟೆಲ್ಲ ಯಾಕೆ?" ಒಳ್ಳೆಯ ಪ್ರಶ್ನೆ. ನೀವೆಲ್ಲ ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡಿ ಕಲಿಯುತ್ತೀರಿ. ಅಲ್ಲಿ ಪರ್ಜ್ ತಪ್ಪಿದ್ದಕ್ಕೆ, ಆವಿ ಸೋರಿದ್ದಕ್ಕೆ ಪಿ0441, ಪಿ0455, ಪಿ0496 ಅಂತ ಕೋಡ್ ಬರುವುದನ್ನು ತೋರಿಸುತ್ತಾರೆ. ಅಲ್ಲಿನ ಕಾನೂನು ಬೇರೆ. ಗಾಡಿ ತನ್ನ ದೋಷವನ್ನು ತಾನೇ ಪತ್ತೆ ಹಚ್ಚುವ ಒಬಿಡಿ-2 ವ್ಯವಸ್ಥೆ 1996ರಿಂದ ಅಲ್ಲಿ ಕಡ್ಡಾಯ. ಟ್ಯಾಂಕಿನಿಂದ ವಾಲ್ವಿನವರೆಗೆ ಎಲ್ಲಾದರೂ ಅರ್ಧ ಮಿಲಿಮೀಟರ್ ತೂತಾದರೂ ಗಾಡಿಯೇ ಕಂಡುಹಿಡಿಯಬೇಕು. ಸ್ಯಾನ್ ಹೋಸೆಯಲ್ಲಿರುವ ನನ್ನ ಅಕ್ಕನ ಮಗ, ಇಂಥ ದೋಷಕ್ಕೆ ಹತ್ತುವ ಚೆಕ್ ಇಂಜಿನ್ ಲೈಟಿನ ವಿಚಾರಕ್ಕೇ ಫೋನ್ ಮಾಡಿದ್ದ. ಕ್ಯಾಲಿಫೋರ್ನಿಯಾದಲ್ಲಿ ಚೆಕ್ ಇಂಜಿನ್ ಲೈಟ್ ಉರಿಯುತ್ತಿದ್ದರೆ ಹೊಗೆ ತಪಾಸಣೆಯಲ್ಲಿ ಗಾಡಿ ಫೇಲ್. ನಮ್ಮ ನಿಯಮ ಯುರೋಪಿನ ದಾರಿ ಹಿಡಿದದ್ದು. ಯುರೋಪಿನ ನಿಯಮದಲ್ಲಿ ಪರ್ಜ್ ವಾಲ್ವಿನ ಬಗ್ಗೆ ಕನಿಷ್ಠ ನೋಡಬೇಕಾದ್ದು ಸರ್ಕ್ಯೂಟ್ ಕಡಿದಿದೆಯಾ ಇಲ್ಲವಾ ಅಂತ. ಕೆಲವು ಕಂಪನಿಗಳು ಅದಕ್ಕಿಂತ ಜಾಸ್ತಿ ನೋಡುತ್ತವೆ, ಎಲ್ಲವೂ ಅಲ್ಲ. ಹಾಗಾಗಿ ವೈರು ಕಿತ್ತರೆ ಪಿ0443 ಅಥವಾ ಪಿ0444 ಬರುತ್ತದೆ. ವಾಲ್ವಿನ ಬಾಯಿ ತೆರೆದೇ ಇದ್ದರೂ ವೈರು ಸರಿಯಿದ್ದರೆ ಎಷ್ಟೋ ಗಾಡಿಯಲ್ಲಿ ಕೋಡೇ ಬರುವುದಿಲ್ಲ. ಟೀಚರ್ ಕಾರಿನಲ್ಲೂ ಒಂದೂ ಕೋಡ್ ಇರಲಿಲ್ಲ. "ಕೋಡ್ ಇಲ್ಲ, ಸೆನ್ಸರೆಲ್ಲ ಸರಿಯಿದೆ" ಅಂದವರು ಪಂಪಿಗೆ ಕೈ ಹಾಕಿದ್ದರು.

ಸ್ಕ್ಯಾನರ್ ಬೇಡ ಅಂತಲ್ಲ. ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ ನೋಡುತ್ತಾ, ಕ್ಯಾನಿಸ್ಟರ್ ಕಡೆಯ ಪೈಪನ್ನು ಮೆತ್ತನೆಯ ಕ್ಲ್ಯಾಂಪಿನಿಂದ ಅದುಮಿ. ಪರ್ಜ್ ಸೊನ್ನೆ, ಅಂದರೆ ಕಂಪ್ಯೂಟರ್ ವಾಲ್ವ್ ತೆರೆಸುತ್ತಿಲ್ಲ ಅಂತ ತೋರಿಸುತ್ತಿದ್ದಾಗಲೂ ಅದುಮಿದ ತಕ್ಷಣ ಟ್ರಿಮ್ ಬದಲಾಗಿ ಸೊನ್ನೆಯ ಕಡೆ ಬಂದರೆ ಸಿಕ್ಕಿತು ನಿಮ್ಮ ಕಳ್ಳ.

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. 2018ರ ಅಕ್ಟೋಬರಿನಲ್ಲಿ ಫೋರ್ಡ್ ಕಂಪನಿ ಉತ್ತರ ಅಮೆರಿಕದಲ್ಲಿ ಸುಮಾರು 15 ಲಕ್ಷ ಫೋಕಸ್ ಕಾರುಗಳನ್ನು ವಾಪಸ್ ಕರೆಯಿತು. ಕಾರಣ ಇದೇ ವಾಲ್ವ್. ತೆರೆದು ಸಿಕ್ಕಿಕೊಂಡು, ಎಳೆತ ಟ್ಯಾಂಕಿನವರೆಗೂ ಹೋಗಿ, ಪ್ಲಾಸ್ಟಿಕ್ ಟ್ಯಾಂಕ್ ಒಳಕ್ಕೆ ಕುಗ್ಗಬಹುದಿತ್ತು. ಪೆಟ್ರೋಲ್ ಮುಳ್ಳು ತಪ್ಪು ತೋರಿಸಿ ಇಂಜಿನ್ ನಡುದಾರಿಯಲ್ಲಿ ನಿಲ್ಲಬಹುದಿತ್ತು. ರಿಪೇರಿ ಆಗುವವರೆಗೆ ಅರ್ಧ ಟ್ಯಾಂಕಿಗಿಂತ ಕಡಿಮೆ ಇಳಿಸಬೇಡಿ ಅಂತ ಮಾಲೀಕರಿಗೆ ಹೇಳಿದರು. ಇನ್ನೊಂದು ನೆನಪಾಯಿತು. ಕ್ಯಾನಿಸ್ಟರಿಗೆ ಹೊರಗಿನ ಗಾಳಿ ಬರುವ ಪೈಪು ಕಟ್ಟಿಕೊಂಡರೂ ಟ್ಯಾಂಕಿಗೆ ಇದೇ ಗತಿ. 2011ರಲ್ಲಿ ಮಾಜ್ದಾ ತನ್ನ ಮಾಜ್ದಾ-6 ಕಾರುಗಳನ್ನು ಅಮೆರಿಕದಲ್ಲಿ ವಾಪಸ್ ಕರೆದದ್ದು ಒಂದು ಜಾತಿಯ ಹಳದಿ ಜೇಡ ಆ ಪೈಪಿನೊಳಗೆ ಬಲೆ ನೇಯುತ್ತಿತ್ತು ಅಂತ. 2014ರಲ್ಲಿ ಅದೇ ಜೇಡಕ್ಕಾಗಿ ಮತ್ತೊಮ್ಮೆ ಕರೆದರು! ನಮ್ಮಲ್ಲಿ ಆ ಕೆಲಸಕ್ಕೆ ಕೆಸರು, ಧೂಳು, ಮಣ್ಣಿನ ಗೂಡು ಕಟ್ಟುವ ಕಡಜ ಇವೆ. ಪೆಟ್ರೋಲ್ ಮುಚ್ಚಳ ತೆಗೆಯುವಾಗ ಗಾಳಿ ಜೋರಾಗಿ ಒಳಕ್ಕೆ ನುಗ್ಗಿದರೆ ಆ ಪೈಪನ್ನೂ ನೋಡಿ.

ಟೀಚರ್ ಕಾರಿಗೆ ಬರುತ್ತೇನೆ. ಬೆರಳಿಟ್ಟ ಕೂಡಲೇ ಎಳೆಯಿತು. ವಾಲ್ವ್ ತೆಗೆದು ಬಿಳಿ ಕಾಗದದ ಮೇಲೆ ಕುಟ್ಟಿದೆ. ಕಪ್ಪು ಕಾಳುಗಳು ಉದುರಿದವು. ಹೊಸ ವಾಲ್ವ್ ಹಾಕಿ ಕಳಿಸುವವರು ಇಲ್ಲೇ ತಪ್ಪುತ್ತಾರೆ. ಕಾಳು ಬಂತು ಅಂದರೆ ಕ್ಯಾನಿಸ್ಟರಿನೊಳಗೆ ಜರಡಿ ಹರಿದಿದೆ. ವಾಲ್ವ್ ಮಾತ್ರ ಬದಲಾಯಿಸಿದರೆ ಕೆಲವು ತಿಂಗಳಲ್ಲಿ ಅದೇ ಗಾಡಿ, ಅದೇ ದೂರು. ಕ್ಯಾನಿಸ್ಟರನ್ನೂ ಬದಲಾಯಿಸಿ, ನಡುವಿನ ಪೈಪನ್ನು ಗಾಳಿ ಹೊಡೆದು ಸ್ವಚ್ಛ ಮಾಡಬೇಕು. ಇನ್ನು ಕೆಲವರು ಪೈಪಿಗೆ ಬೋಲ್ಟ್ ತುರುಕಿ, ಕ್ಲಿಪ್ ಹಾಕಿ "ಸರಿ ಹೋಯ್ತು" ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಆವಿ ಮತ್ತೆ ಗಾಳಿಗೇ ಹೋಗುತ್ತದೆ. ಮಕ್ಕಳು ಆಡುವ ಮನೆಯಂಗಳದಲ್ಲಿ ನಿಂತ ಗಾಡಿ ಅದು.

ಕ್ಯಾನಿಸ್ಟರ್ ಹಾಳಾಗುವುದಕ್ಕೆ ದೊಡ್ಡ ಕಾರಣ ಏನು ಗೊತ್ತಾ? ಬಂಕಿನಲ್ಲಿ ನಳಿಗೆ ಟಕ್ ಅಂತ ತಾನೇ ನಿಂತ ಮೇಲೂ "ರೌಂಡ್ ಫಿಗರ್ ಮಾಡಪ್ಪಾ" ಅನ್ನುತ್ತೀವಲ್ಲ, ಅದು. ಟಕ್ ಅಂದ ಮೇಲೆ ಟ್ಯಾಂಕಿನ ಮೇಲ್ಭಾಗದಲ್ಲಿ ಉಳಿಯುವುದು ಆವಿಗಾಗಿ ಬಿಟ್ಟ ಜಾಗ. ಅಲ್ಲಿಗೂ ಪೆಟ್ರೋಲ್ ತುಂಬಿದರೆ ಆವಿ ಹೋಗಬೇಕಾದ ಪೈಪಿನಲ್ಲಿ ಪೆಟ್ರೋಲೇ ಹರಿದು ಇದ್ದಲನ್ನು ನೆನೆಸುತ್ತದೆ. ನೆಂದ ಇದ್ದಲು ಪುಡಿಯಾಗುತ್ತದೆ. ಟೀಚರನ್ನು ಕೇಳಿದೆ. "ಹೌದು ಅಣ್ಣಾ, ಚಿಲ್ಲರೆ ತಾಪತ್ರಯ ಅಂತ ಯಾವಾಗಲೂ ರೌಂಡ್ ಮಾಡಿಸ್ತೀನಿ" ಅಂದರು. ಈಗೆಲ್ಲ ಫೋನಿನಲ್ಲಿ ದುಡ್ಡು ಕೊಡುತ್ತೇವೆ, 1,983 ರೂಪಾಯಿ ಆದರೂ ಏನು ತೊಂದರೆ?

ಹೊಸ ವಾಲ್ವ್ ಕೂರಿಸುವಾಗ ಬಾಣದ ಗುರುತು ಇದ್ದರೆ ಅದು ಇಂಜಿನ್ ಕಡೆ ನೋಡಬೇಕು. ಒಣಗಿ ಸೀಳಿದ ಪೈಪು ಇದ್ದರೆ ಅದನ್ನೂ ಬದಲಿಸಿ. ಪರೀಕ್ಷೆಗೆ ಕನೆಕ್ಟರ್ ತೆಗೆದಾಗ ಬಂದ ಕೋಡ್ ಅಳಿಸಿ. ಆಮೇಲೆ ಕಾಯಿಲೆ ಎಲ್ಲಿ ಕಾಣಿಸುತ್ತಿತ್ತೋ ಅಲ್ಲಿಗೇ ಹೋಗಿ ನೋಡಿ. ನಾವು ಟೀಚರನ್ನು ಕೂರಿಸಿಕೊಂಡು ಬಂಕಿಗೇ ಹೋದೆವು. ನಳಿಗೆ ಟಕ್ ಅಂದಿತು. ಹುಡುಗ ರೂಢಿಯಂತೆ ಮತ್ತೆ ಒತ್ತಲು ಹೋದ. "ಸಾಕಪ್ಪಾ, ನಿಲ್ಲಿಸು" ಅಂತ ಟೀಚರೇ ಹೇಳಿದರು. ಕೀ ತಿರುಗಿಸಿದರು. ಒಂದೇ ಸೆಲ್ಫಿಗೆ ಹಿಡಿಯಿತು.